ಎಂಟು ಓಟ, ಐದು ಅಂಕ

ಜೋರಾಪುರ ಪೇಟೆ, ವಿಜಯಪುರ
ಗುರುವಾರ, 14 ನವೆಂಬರ್ 2024

ಚಿರಂಜೀವಿ ಕುನಾಲನಿಗೆ ನಿನ್ನ ಸೋದರತ್ತೆ ಸೀತವ್ವ ಮಾಡುವ ಜೈಭೀಮ.

ಆಶೀರ್ವಾದವನ್ನು ಈ ಸಲ ಕಾಗದದಲ್ಲಿ ಬರೆಯುತ್ತಿಲ್ಲ. ಅದು ಸದ್ಯ ನನ್ನ ಹತ್ತಿರವೇ ಇರಲಿ, ಶನಿವಾರ ನೋಡೋಣ. ನನ್ನ ಮೊಣಕಾಲು ನೋವು ಇದ್ದಷ್ಟೇ ಇದೆ, ನಳದ ನೀರು ಎಂಟು ದಿನಕ್ಕೊಮ್ಮೆ ಬರುತ್ತಿದೆ. ಇದಕ್ಕಿಂತ ಹೆಚ್ಚು ಕ್ಷೇಮಸಮಾಚಾರ ಬರೆಯುವ ಮನಸ್ಸು ನನಗಿಲ್ಲ, ನಿನ್ನದನ್ನು ಕೇಳುವ ಮನಸ್ಸೂ ಇಲ್ಲ.

ಮಂಗಳವಾರ ಸಂಜೆಯಿಂದ ಏಳು ಸಲ ಫೋನ್ ಮಾಡಿದೆ. ನೀನು ಎರಡು ಸಲ ಎತ್ತಿದೆ. ಮೊದಲನೇ ಸಲ "ಅತ್ತಿ, ಕಂಬದ ಮ್ಯಾಲ ಅದೀನಿ, ಆಮ್ಯಾಲ ಮಾತಾಡ್ತೀನಿ" ಅಂದೆ. ಎರಡನೇ ಸಲವೂ ಕಂಬದ ಮೇಲೆಯೇ ಇದ್ದೆ. ಲೈನ್‌ಮನ್ ಆದವನು ಕಂಬ ಹತ್ತಬೇಕು, ಒಪ್ಪುತ್ತೇನೆ. ಆದರೆ ತಿಕೋಟಾದಲ್ಲಿ ಇಷ್ಟೊಂದು ಕಂಬಗಳಿವೆ ಎಂದು ನನಗೆ ಗೊತ್ತಿರಲಿಲ್ಲ. ಎರಡನೇ ಸಲ ಇಡುವ ಮೊದಲು ಒಂದು ಮಾತು ಮಾತ್ರ ಹೇಳಿದೆ: "ತಂಡ ದೊಡ್ಡದು ಅತ್ತಿ, ಒಬ್ಬಾಕಿ ಅಲ್ಲ." ಆ ಮಾತಿಗೆ ನಾನು ಉತ್ತರ ಕೊಡುವಷ್ಟರಲ್ಲಿ ನೀನು ಫೋನ್ ಕಡಿದೆ. ಕಾಗದವನ್ನು ನಡುವೆ ಕಡಿಯಲಿಕ್ಕೆ ಆಗುವುದಿಲ್ಲವೆಂದು ಬರೆಯುತ್ತಿದ್ದೇನೆ. ನಮ್ಮ ಓಣಿಯ ಬೀಬಿಜಾನ ದಿನಾ ನಿಮ್ಮ ಊರಿಗೆ ಒಣದ್ರಾಕ್ಷಿ ಆರಿಸುವ ಕೆಲಸಕ್ಕೆ ಬರುತ್ತಾಳಲ್ಲ, ನಾಳೆ ಮುಂಜಾನೆ ಅವಳ ಕೈಯಲ್ಲಿ ಕಳಿಸುತ್ತೇನೆ. ನೀನು ಒಡೆದು ಓದುವುದನ್ನು ನೋಡಿಯೇ ಕೆಲಸಕ್ಕೆ ಹೋಗು ಎಂದಿದ್ದೇನೆ. "ಕಂಬದ ಮ್ಯಾಲ ಇದ್ರ ಕೆಳಗ ಕುಂದ್ರತೀನಿ ಬಿಡ್ರೆವ್ವಾ, ಇಳದ ಇಳೀತಾನ" ಅಂದಳು.

ನಿನ್ನೆ ನಿನ್ನ ಹೆಂಡತಿ ಫೋನ್ ಮಾಡಿ, "ಅತ್ತಿಯಾರ, ಊರಿಗೆ ಕಪ್ ಬಂದೈತಿ, ಎಲ್ಲಾರೂ ಕುಣಿಯಾಕತ್ತಾರ, ನೀವ್ಯಾಕ ಸಿಟ್ಟಾಗೀರಿ?" ಎಂದು ಕೇಳಿದಳು. ಪಾಪ, ಅವಳಿಗೆ ಏನೂ ಗೊತ್ತಿಲ್ಲ. ಆದ್ದರಿಂದ ಅವಳೂ ಓದಿ ತಿಳಿಯುವ ಹಾಗೆ ಮೊದಲಿನಿಂದ ಬರೆಯುತ್ತೇನೆ. ನಿನಗೆ ಗೊತ್ತಿದ್ದದ್ದನ್ನೇ ಮತ್ತೆ ಓದಬೇಕಾಗುತ್ತದೆ. ಓದು.

ನಮ್ಮ ಹುಡುಗಿಯರ ಸೈಕಲ್ ಲೀಗಿನಲ್ಲಿ ನಾಲ್ಕು ತಂಡ: ತಿಕೋಟಾ, ಬಬಲೇಶ್ವರ, ಕನಮಡಿ, ಇಟ್ಟಂಗಿಹಾಳ. ತಂಡಕ್ಕೆ ಏಳು ಜನ. ಮಣ್ಣಿನ ಟ್ರ್ಯಾಕಿನಲ್ಲಿ ನಾಲ್ಕು ಸುತ್ತಿನ ಓಟ. ಒಂದು ಓಟಕ್ಕೆ ಆ ಕಡೆಯ ಇಬ್ಬರು, ಈ ಕಡೆಯ ಇಬ್ಬರು ಇಳಿಯುತ್ತಾರೆ. ಮೊದಲು ಬಂದವಳಿಗೆ ಮೂರು ಅಂಕ, ಆಮೇಲಿನವರಿಗೆ ಎರಡು, ಒಂದು, ಕಟ್ಟಕಡೆಯವಳಿಗೆ ಸೊನ್ನೆ. ಒಬ್ಬೊಬ್ಬಳೂ ಒಂದು ಪಂದ್ಯದಲ್ಲಿ ನಾಲ್ಕು ಸಲ ಓಡುತ್ತಾಳೆ. ನಾಲ್ಕೂ ಗೆದ್ದರೆ ಹನ್ನೆರಡು. ಯಾರನ್ನು ತೆಗೆದುಕೊಳ್ಳುವುದು, ಯಾರು ಯಾವ ಓಟಕ್ಕೆ, ಯಾರಿಗೆ ಯಾರು ಜೋಡಿ ಎಂದು ಚೀಟಿ ಬರೆಯುವವನು ಮ್ಯಾನೇಜರ. ತಿಕೋಟಾಕ್ಕೆ ಅದು ನೀನು. ಮೇಜಿನ ಹಿಂದೆ ಕೂತು ನಮ್ಮ ಕಡೆಯ ಅಂಕ ಬರೆಯುವವಳು ಹನ್ನೊಂದು ವರ್ಷದಿಂದ ನಾನು.

ಒಳ್ಳೆಯವರೆಲ್ಲ ಒಂದೇ ಊರಿಗೆ ಕೂಡಬಾರದೆಂದು ಸಮಿತಿಯವರು ಒಂದು ಕಟ್ಟು ಹಾಕಿದ್ದಾರೆ. ಪ್ರತಿಯೊಬ್ಬಳೂ ಒಂದು ಪಂದ್ಯಕ್ಕೆ ಸರಾಸರಿ ಎಷ್ಟು ಅಂಕ ತಂದಿದ್ದಾಳೆ ಎಂದು ಲೆಕ್ಕ ತೆಗೆಯುತ್ತಾರೆ. ಫೈನಲಿಗೆ ಇಳಿಯುವ ಏಳು ಜನರ ಸರಾಸರಿ ಕೂಡಿಸಿದರೆ ನಲವತ್ತು ದಾಟಬಾರದು. ದಾಟಿದರೆ ಯಾರನ್ನಾದರೂ ಹೊರಗೆ ಕೂಡಿಸಬೇಕು. ಒಳ್ಳೆಯ ನಿಯಮ. ಸಣ್ಣ ಊರಿನವರೂ ಗೆಲ್ಲಲಿ ಎಂದು ಮಾಡಿದ್ದು.

ದಸರೆಯ ಹೊತ್ತಿಗೆ ನಾಲ್ಕು ಪಂದ್ಯ ಮುಗಿದಿದ್ದವು. ನನ್ನ ಮೊಮ್ಮಗಳು ನೀಲಾ ಹನ್ನೊಂದು, ಹತ್ತು, ಹತ್ತು, ಒಂಬತ್ತು ಅಂಕ ತಂದಿದ್ದಳು. ಸರಾಸರಿ ಹತ್ತು. ನಾಲ್ಕೂ ತಂಡಗಳಲ್ಲಿ ಅವಳ ಮೇಲೆ ಯಾರೂ ಇರಲಿಲ್ಲ. ನಾವು ಫೈನಲಿಗೆ ಹೋಗುವುದೂ ಅಷ್ಟರಲ್ಲೇ ಖಾತ್ರಿಯಾಗಿತ್ತು. ಆಗ ಸೊಲ್ಲಾಪುರದಲ್ಲಿ ಓದುತ್ತಿದ್ದ ನಿಮ್ಮ ಊರಿನ ವಿಜಯಲಕ್ಷ್ಮೀ ತಿರುಗಿ ಬಂದಳು. ಅಲ್ಲಿಯ ಅವಳ ಸರಾಸರಿ ಒಂಬತ್ತು. ಸಮಿತಿ ಅದನ್ನೇ ಒಪ್ಪಿತು. ಅವಳನ್ನೂ ಸೇರಿಸಿದರೆ ನಿನ್ನ ಏಳು ಜನರದು ನಲವತ್ತೆರಡೂವರೆ. ಎರಡೂವರೆ ಹೆಚ್ಚಾಯಿತು. ಇಂಥಲ್ಲಿ ಮ್ಯಾನೇಜರ ಮಾಡಬೇಕಾದದ್ದು ಒಂದೇ: "ತಡಾ ಆತವ್ವಾ, ಮುಂದಿನ ವರ್ಷ ಬಾ" ಎಂದು ಆ ಹುಡುಗಿಗೆ ಹೇಳುವುದು.

ನೀನು ವಿಜಯಲಕ್ಷ್ಮೀಯನ್ನೂ ಬಿಡಲಿಲ್ಲ, ನೀಲಾಳನ್ನೂ ಬಿಡಲಿಲ್ಲ. ನೀಲಾಳ ಸರಾಸರಿಯನ್ನೇ ಇಳಿಸಿದೆ.

ನೀಲಾ ನನಗೆ ಇದನ್ನೆಲ್ಲ ಹೇಳಿದ್ದು ಮಂಗಳವಾರ. ಅದಕ್ಕೂ ಮೊದಲಿನದನ್ನು ಕೇಳು. ಭಾನುವಾರ ಫೈನಲಿನಲ್ಲಿ ಬಬಲೇಶ್ವರದ ಮೇಲೆ ನಲವತ್ಮೂರು ನಲವತ್ತೊಂದರಿಂದ ಗೆದ್ದಿರಿ. ನೀಲಾ ನಾಲ್ಕೂ ಓಟ ಗೆದ್ದಳು. ನಿಮ್ಮ ಊರವರು ಟ್ರ್ಯಾಕ್ಟರ್ ತಂದರು, ಗುಲಾಲು ಹಾರಿಸಿದರು, ನಿನ್ನ ಕೊರಳಿಗೆ ಹಾರ ಹಾಕಿದರು. "ಕುನಾಲನ ತಲಿ ಅಂದ್ರ ತಲಿ, ಯಾರ್‍ನ ಎಲ್ಲಿ ಇಳಸಬೇಕು ಅಂವಗ ಕೇಳ್ರಿ" ಎಂದು ಯಾರೋ ಮೈಕಿನಲ್ಲಿ ಒದರುತ್ತಿದ್ದ. ನೀಲಾ ಟ್ರ್ಯಾಕ್ಟರಿನ ಹಿಂದಿನ ಮೂಲೆಯಲ್ಲಿ ಸೈಕಲ್ ಹಿಡಿದುಕೊಂಡು ಕೂತಿದ್ದಳು. ದಣಿದಿರಬೇಕೆಂದು ಎಲ್ಲರೂ ತಿಳಿದರು.

ಸೋಮವಾರ ಸಮಿತಿಯ ಗೋಡೆಗೆ ಪಟ್ಟಿ ಹಚ್ಚಿದರು. ರಾಜ್ಯದ ಶಿಬಿರಕ್ಕೆ ಹೋಗುವ ಆರು ಹುಡುಗಿಯರ ಪಟ್ಟಿ. ಕಾಲೇಜು ಬಿಟ್ಟ ಮೇಲೆ ನೀಲಾ ನೋಡಲು ಹೋದಳು. ಆರನೇ ಹೆಸರಿನ ಕೆಳಗೆ ಕೆಂಪು ಗೆರೆ. ಅವಳ ಹೆಸರು ಒಂಬತ್ತನೆಯದು, ಎದುರಿಗೆ ಏಳೂವರೆ. ಮೂರನೇ ಹೆಸರು ವಿಜಯಲಕ್ಷ್ಮೀ. ಕಾರ್ಯದರ್ಶಿ ಬಸಲಿಂಗಯ್ಯನವರು ಅಲ್ಲೇ ಇದ್ದರಂತೆ. "ಫೈನಲಿನ ಅಂಕ ಲೆಕ್ಕಕ್ಕ ಬರಂಗಿಲ್ಲವ್ವ, ಲೀಗಿನ ಆರು ಪಂದ್ಯ ಅಷ್ಟ" ಎಂದರಂತೆ. ಆಮೇಲೆ ಕನ್ನಡಕ ತೆಗೆದು, "ಕಡೀ ಎರಡು ಪಂದ್ಯದಾಗ ಮೈಯಾಗ ಆರಾಮ ಇರಲಿಲ್ಲೇನು ನಿನಗ?" ಎಂದು ಕೇಳಿದರಂತೆ. ಅವಳು ಹೌದೆಂದು ಬಂದಿದ್ದಾಳೆ. ನಿನ್ನನ್ನು ಉಳಿಸಲು ಸುಳ್ಳು ಹೇಳಿ ಬಂದಿದ್ದಾಳೆ. ಇದನ್ನು ನಿನ್ನ ಹೆಂಡತಿ ಎರಡು ಸಲ ಓದಲಿ.

ಅವಳು ಮನೆಗೆ ಬಂದಳು. ಪರೀಕ್ಷೆ ಇದೆ ಎಂದು ಪುಸ್ತಕ ಹಿಡಿದು ಗೋಡೆಗೆ ಮುಖ ಮಾಡಿ ಕೂತಳು. ಪುಟ ತಿರುವಿದ ಸಪ್ಪಳ ಬರಲಿಲ್ಲ.

ಮಂಗಳವಾರ ಮಧ್ಯಾಹ್ನ ಬಬಲೇಶ್ವರದ ಮ್ಯಾನೇಜರ ರಿಯಾಜ ನಮ್ಮ ಮನೆಗೆ ಬಂದ. ಹೊಸ್ತಿಲಲ್ಲೇ ನಿಂತು, "ಅವ್ವಾರ, ಒಂದು ಮಾತು ಕೇಳತೀನಿ, ತಪ್ಪು ತಿಳೀಬ್ಯಾಡ್ರಿ" ಎಂದ. "ಇಟ್ಟಂಗಿಹಾಳದಾಗ ನಾನು ನೋಡಾಕ ಬಂದಿದ್ದೆ. ಆ ಹುಡುಗಿ ತಿರುವಿನ್ಯಾಗ ಹೊರಗ ಹೋದ್ಲು. ಅಂಥ ತಪ್ಪು ಮಾಡಾಕಿ ಅಲ್ಲ ಅಕಿ. ನಾಕು ವರ್ಷದಿಂದ ನಮ್ಮ ಹುಡುಗ್ಯಾರಿಗೆ ಅಕೀನ್ನ ತೋರ್ಸಿ ತಿರುವು ಕಲಸೇನಿ ನಾನು. ಏನಾತ್ರಿ?" ನಾನು ಚಹಾ ಕುಡಿ ಎಂದೆ. ಬೇಡ ಎಂದ. "ನಾ ದೂರು ಕೊಡಂಗಿಲ್ಲ. ದೂರು ಕೊಟ್ಟು ಕಪ್ ಒಯ್ಯೂದು ನಮಗ ಬ್ಯಾಡ. ಆದ್ರ ಪಟ್ಟಿ ನೋಡಿ ಹೊಟ್ಟಿಗೆ ಅನ್ನ ಹೋಗವಲ್ದು" ಎಂದು ಹೋದ. ಸೋತ ಊರಿನವನಿಗೆ ಅನ್ನ ಹೋಗದು, ಕುನಾಲ. ಗೆದ್ದ ಊರಿನವನು ಎರಡು ಹೊತ್ತು ಹೋಳಿಗೆ ಉಂಡ.

ನೀಲಾ ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದಳು. ಸಂಜೆ ನನ್ನ ತೊಡೆಯ ಮೇಲೆ ತಲೆಯಿಟ್ಟು ಬಾಯಿ ಬಿಟ್ಟಳು.

ಇಟ್ಟಂಗಿಹಾಳದ ಪಂದ್ಯಕ್ಕೆ ಮೊದಲು ನೀನು ಅವಳ ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತ ಕಿವಿಯಲ್ಲಿ ಹೇಳಿದೆಯಂತೆ: "ಎರಡು ಪಂದ್ಯ, ಎಂಟು ಓಟ, ಐದು ಅಂಕ. ಒಂದು ಹೆಚ್ಚಾತಂದ್ರ ನೀನು ಫೈನಲಿಗೆ ಕೂಡಂಗಿಲ್ಲ ನೋಡು." ಐದು ಅಂದನಾ ಎಂದು ಕೇಳಿದೆ. ಹೂಂ ಅಂದಳು. "ಮಾಮಾ, ಬೇಕಂತ ಸೋಲೂದು ನನಗ ಬರಂಗಿಲ್ಲ" ಎಂದಳಂತೆ. "ಗೆಲ್ಲೂದು ಕಲಸಿದಂವ ನಾನ, ಸೋಲೂದೂ ಕಲಸತೀನಿ" ಎಂದು ನೀನು ನಕ್ಕೆಯಂತೆ.

ಮೊದಲ ಪಂದ್ಯದಲ್ಲಿ ಮೂರು ತಂದಳು. ನಿಮ್ಮ ಊರಲ್ಲೇ ಕನಮಡಿಯ ಮೇಲೆ ನಡೆದ ಎರಡನೆಯದರಲ್ಲಿ ಮೊದಲ ಎರಡು ಓಟಕ್ಕೇ ಎರಡು ಬಂದವು. ಐದು ಮುಗಿದಿತ್ತು. ಉಳಿದ ಎರಡರಲ್ಲೂ ಕಟ್ಟಕಡೆಗೆ ಬರಬೇಕು. ಮೂರನೇ ಓಟದಲ್ಲಿ ತಿರುವಿನಲ್ಲಿ ಅಗಲಕ್ಕೆ ಹೋಗಿ ಹಿಂದೆ ಉಳಿದಳು. ನಾಲ್ಕನೆಯದರ ಕೊನೆಯ ಸುತ್ತಿನಲ್ಲಿ ಕನಮಡಿಯ ಸಣ್ಣ ಹುಡುಗಿಯೊಬ್ಬಳು ಜಾರಿ ಬಿದ್ದಳು. ಇಬ್ಬರು ಗೆರೆ ದಾಟಿ ಹೋಗಿದ್ದರು. ನೀಲಾ ಹಾಗೇ ಹೋಗಿದ್ದರೆ ಮೂರನೆಯವಳಾಗಿ ಒಂದು ಅಂಕ ಬರುತ್ತಿತ್ತು. ಆ ಒಂದು ಅಂಕ ನಿನಗೆ ಬೇಡವಾಗಿತ್ತು. ಅವಳು ಗೆರೆಗೆ ಹತ್ತು ಮಾರು ಇರುವಾಗ ಇಳಿದು, ಚೈನು ತಪ್ಪಿದವಳಂತೆ ಕೆಳಗೆ ಕೂತಳು. ಬಿದ್ದ ಹುಡುಗಿ ಎದ್ದು, ಮೊಣಕಾಲಿನಿಂದ ರಕ್ತ ಸುರಿಸುತ್ತ, ಅಳುತ್ತ ಸೈಕಲ್ ತುಳಿದುಕೊಂಡು ಬಂದು ಅವಳನ್ನು ದಾಟುವವರೆಗೆ ಕೂತೇ ಇದ್ದಳು.

ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಬಿದ್ದವಳಿಗಾಗಿ ಕಾದಳು, ಎಂಥ ದೊಡ್ಡ ಮನಸ್ಸು ಎಂದರು. ಆ ಫೋಟೋ ಎಲ್ಲರ ಮೊಬೈಲಿನಲ್ಲಿ ಓಡಾಡಿತು. ಕನಮಡಿಯ ಹುಡುಗಿ ಬಂದು ಕೈ ಹಿಡಿದು, "ಅಕ್ಕಾ, ನಿನ್ನ ಉಪಕಾರ ಮರಿಯಂಗಿಲ್ಲ" ಅಂದಳಂತೆ. "ಅವ್ವಾ, ಅಕಿ ಮಾರಿ ನೋಡಾಕ ಆಗಲಿಲ್ಲ ನನಗ" ಎಂದು ನೀಲಾ ನನ್ನ ಸೀರೆ ತೊಯ್ಯುವಂತೆ ಅತ್ತಳು. ಸೋತದ್ದಕ್ಕಲ್ಲ, ಪಟ್ಟಿಯಲ್ಲಿ ಹೆಸರು ಬಾರದ್ದಕ್ಕೂ ಅಲ್ಲ. ಆ ಚಪ್ಪಾಳೆಗೆ ಅತ್ತಳು. ಕಳ್ಳತನ ಮಾಡಿಸಿದ್ದು ನೀನು, ಅದರ ಮೇಲೆ ಹಾರ ಹಾಕಿಸಿಕೊಂಡದ್ದೂ ನೀನು. ಅವಳಿಗೆ ಪುಣ್ಯವಂತೆ ಎಂಬ ಹೆಸರು ಹೊರಿಸಿಬಿಟ್ಟಿರಿ. ಹದಿನೇಳು ವರ್ಷದ ಹುಡುಗಿ ಅದನ್ನು ಯಾರ ಮನೆಯ ಕಟ್ಟೆಯ ಮೇಲೆ ಇಳಿಸಿ ಬರಬೇಕು?

ಇನ್ನೊಂದು ಕೇಳುತ್ತೇನೆ. ನಿನ್ನ ತಂಡದಲ್ಲಿ ಸರಾಸರಿ ಎಂಟರ ಮೇಲಿದ್ದ ಹುಡುಗಿ ಇನ್ನೊಬ್ಬಳೂ ಇದ್ದಳು. ಅವಳಿಗೆ ಯಾಕೆ ಹೇಳಲಿಲ್ಲ? ನಾನೇ ಹೇಳುತ್ತೇನೆ. ಅವಳ ಅಪ್ಪ, ಅಣ್ಣಂದಿರು ಟ್ರ್ಯಾಕಿಗೇ ಬಂದು ನಿನ್ನ ಕಾಲರ್ ಹಿಡಿಯುತ್ತಿದ್ದರು. ನೀಲಾಳಿಗೆ ಅಪ್ಪನಿಲ್ಲ. ತಾಯಿ ಪುಣೆಯ ಆಸ್ಪತ್ರೆಯಲ್ಲಿ ದುಡಿಯುತ್ತಾಳೆ. ಇಲ್ಲಿರುವವಳು ಮುದುಕಿ. ಮನೆಯ ಹುಡುಗಿ, ಮಾಮನ ಮಾತು ಮೀರುವುದಿಲ್ಲ, ಹೊರಗೆ ಬಾಯಿ ಬಿಡುವುದಿಲ್ಲ ಎಂದು ಅವಳ ಕಡೆಗೇ ಕೈ ಹಾಕಿದೆ. ತಂಡ ದೊಡ್ಡದು ಅಂದೆಯಲ್ಲ. ದೊಡ್ಡದಕ್ಕಾಗಿ ಯಾರಾದರೂ ಸಣ್ಣವರಾಗಬೇಕಿದ್ದರೆ ನೀನು ಆಗಬೇಕಿತ್ತು. ಫೈನಲ್ ಸೋತು ಬಂದು, "ನನ್ನ ಲೆಕ್ಕ ತಪ್ಪಿತು" ಎಂದು ಊರ ಮುಂದೆ ನಿಲ್ಲಬೇಕಿತ್ತು.

ನಮ್ಮ ಯಜಮಾನರು, ನಿನ್ನ ಮಾಮ ಹಣಮಂತರಾಯ, ಈಗ ಇದ್ದಿದ್ದರೆ ನಾನು ಇಷ್ಟು ಬರೆಯುವ ಕೆಲಸವಿರಲಿಲ್ಲ. ನೀನು ಐ.ಟಿ.ಐ. ಓದಲು ನಮ್ಮ ಮನೆಯಲ್ಲಿದ್ದ ಮೂರು ವರ್ಷದಲ್ಲಿ ಒಂದು ಸಲ ಬಬಲೇಶ್ವರದ ಪಂದ್ಯಕ್ಕೆ ನಿನ್ನ ಹೆಸರನ್ನು ಚೀಟಿಯಿಂದ ತೆಗೆದಿದ್ದರು. ಬೇರೆ ಯಾರದೋ ಅಳಿಯನನ್ನು ಹಾಕಿದ್ದರು. ನಿನ್ನ ಮಾಮ ಟಪಾಲು ಹಂಚುವುದನ್ನು ನಡುವೆ ಬಿಟ್ಟು, ಹೆಗಲ ಮೇಲೆ ಚೀಲ ಇದ್ದಂತೆಯೇ ಅಲ್ಲಿಗೆ ಹೋಗಿ ಜಗಳಾಡಿ ನಿನ್ನ ಹೆಸರು ಬರೆಸಿ ಬಂದರು. ಜನ್ಮದಲ್ಲಿ ಅವರು ಜೋರಾಗಿ ಮಾತಾಡಿದ್ದು ಅದೊಂದೇ ದಿನ. ಆವತ್ತು ನೀನು ನಾಲ್ಕನೆಯವನಾಗಿ ಬಂದೆ. ಅವರಿಗೆ ಅದರ ಚಿಂತೆಯೇ ಇರಲಿಲ್ಲ. "ಓಡಿದನಲ್ಲ" ಎಂದರು.

ಈಗ ಮಾಡಬೇಕಾದದ್ದನ್ನು ಬರೆಯುತ್ತೇನೆ. ಸಮಿತಿಯ ನಿಯಮ ನಿನಗಿಂತ ಚೆನ್ನಾಗಿ ನನಗೆ ಗೊತ್ತು. ಮ್ಯಾನೇಜರನ ಮಾತಿನ ಮೇಲೆ ಹುಡುಗಿ ಬೇಕೆಂದೇ ಸೋತದ್ದು ಹೌದಾದರೆ, ಆ ಪಂದ್ಯಗಳನ್ನು ಅವಳ ಸರಾಸರಿಯಿಂದ ತೆಗೆಯುತ್ತಾರೆ. ಹದಿನೆಂಟು ತುಂಬದವಳಿಗೆ ಶಿಕ್ಷೆಯಿಲ್ಲ. ಆದರೆ ಮ್ಯಾನೇಜರ ತನ್ನ ಕೈಯಿಂದ ಬರೆದು ಒಪ್ಪಿಕೊಳ್ಳಬೇಕು. ಪಟ್ಟಿ ಹಚ್ಚಿದ ವಾರದಲ್ಲೇ, ಅಂದರೆ ಶನಿವಾರ ಸಂಜೆ ಐದರೊಳಗೆ. ಹಾಗೆ ಮಾಡಿದರೆ ನೀಲಾಳದು ಮತ್ತೆ ಹತ್ತಾಗುತ್ತದೆ, ಪಟ್ಟಿಯಲ್ಲಿ ಮೊದಲನೇ ಹೆಸರು ಅವಳದು. ಕಪ್ ಬಬಲೇಶ್ವರಕ್ಕೆ ಹೋಗುತ್ತದೆ. ನಿನ್ನನ್ನು ಎರಡು ವರ್ಷ ಟ್ರ್ಯಾಕಿನ ಹತ್ತಿರ ಬಿಡುವುದಿಲ್ಲ. ಊರವರು ಬೈಯುತ್ತಾರೆ. ಬೈಯಲಿ. ಹಾರ ಹಾಕಿದಾಗ ತಲೆ ಬಗ್ಗಿಸಿದವನು ಬೈದಾಗಲೂ ಬಗ್ಗಿಸು.

ಮುಂದಿನ ವರ್ಷ ಅವಳನ್ನು ನಾನೇ ಕಳಿಸುತ್ತೇನೆ ಎಂದು ಹೇಳಬೇಡ. ಜನವರಿಗೆ ಅವಳಿಗೆ ಹದಿನೆಂಟು ತುಂಬುತ್ತದೆ, ಈ ಶಿಬಿರ ಆಮೇಲೆ ಅವಳಿಗಿಲ್ಲ. ಶಿಬಿರದಲ್ಲಿ ಆರಿಸಿದವರನ್ನು ಕ್ರೀಡಾ ವಸತಿನಿಲಯದಲ್ಲಿ ಇಟ್ಟುಕೊಂಡು ಕಲಿಸುತ್ತಾರೆ. ಅವಳು ನಾಲ್ಕು ವರ್ಷದಿಂದ ಮುಂಜಾನೆ ಐದಕ್ಕೆ ಎದ್ದು ಇಟ್ಟಂಗಿಹಾಳದವರೆಗೆ ಹೋಗಿ ಬಂದದ್ದು ಅದೊಂದಕ್ಕೇ. ಅದು ನಿನಗೂ ಗೊತ್ತು, ಟ್ರ್ಯಾಕ್ಟರ್ ಓಡಿಸಿದವನಿಗೂ ಗೊತ್ತು.

ಬರೆಯಲು ಕಾಗದವಿಲ್ಲ ಎನ್ನಬೇಡ. ಒಂದು ಖಾಲಿ ಹಾಳೆ ಇದರ ಜೊತೆಗೇ ಇಟ್ಟಿದ್ದೇನೆ.

ಸಿಟ್ಟಿನಲ್ಲಿಯೂ ನಿನ್ನವಳೇ ಆದ ಅತ್ತೆ,
ಸೀತವ್ವ

ತಾ.ಕ.: ಮೇಲಿನದನ್ನು ಮುಂಜಾನೆ ಬರೆದು ಮಡಚಿ ಇಟ್ಟಿದ್ದೆ. ಅಡುಗೆ ಮಾಡಿ, ಮತ್ತೆ ಬಿಚ್ಚಿ ಓದಿದೆ. ಇಷ್ಟುದ್ದ ಬರೆದರೂ ಒಂದು ಮಾತನ್ನು ಬಿಟ್ಟಿದ್ದೆ. ಓದುವಾಗ ನೀನು ಅದನ್ನೇ ಹುಡುಕಿರುತ್ತೀ, ನನಗೆ ಗೊತ್ತು. ನಿನ್ನ ಹೆಂಡತಿಯೂ ಇದನ್ನು ಓದಲಿ.

ದಸರೆಯ ಮಾರನೇ ವಾರ ನೀನು ಫೋನ್ ಮಾಡಿ, "ಅತ್ತಿ, ನೀಲಾಂದು ಹತ್ತರಿಂದ ಏಳೂವರಿಗೆ ಇಳೀಬೇಕಂದ್ರ ಎರಡು ಪಂದ್ಯದಾಗ ಎಷ್ಟು ತರಬೇಕಾಕ್ಕೈತಿ?" ಎಂದು ಕೇಳಿದಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ಕೈಯ ಹಿಟ್ಟನ್ನೂ ಒರೆಸದೆ ಬಾಯಿಲೆಕ್ಕದಲ್ಲೇ ಹೇಳಿದೆ: ಎಂಟು ಓಟ, ಐದು ಅಂಕ. ಯಾಕೆ ಎಂದು ಕೇಳಲಿಲ್ಲ. ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ. "ನಿನ್ನ ತಲಿ ಅಂದ್ರ ಕಂಪ್ಯೂಟರ ಅತ್ತಿ" ಎಂದು ನೀನು ಅಂದಾಗ ನನಗೆ ಹಿಗ್ಗಾಯಿತು. ಸಾಲಿಯನ್ನು ಅರ್ಧಕ್ಕೇ ಬಿಟ್ಟವಳನ್ನು ಮ್ಯಾನೇಜರನೇ ಕೇಳುತ್ತಾನಲ್ಲ ಎಂದು ಹಿಗ್ಗಾಯಿತು. ಪಟ್ಟಿಗೂ ಅದೇ ಸರಾಸರಿಯನ್ನು ಹಿಡಿಯುತ್ತಾರೆ ಎಂಬುದು ನಿನಗೆ ಮರೆತಿರಬಹುದು. ನನಗೆ ಮರೆಯಬಾರದಿತ್ತು. ಕನಮಡಿಯ ಪಂದ್ಯದಲ್ಲಿ ಅವಳು ಚೈನು ಹಿಡಿದು ಕೂತದ್ದು ಯಾಕೆಂದು ಆ ಬಯಲಿನಲ್ಲಿ ಮೂವರಿಗೇ ಗೊತ್ತಿತ್ತು. ಮೂರನೆಯವಳು ಮೇಜಿನ ಹಿಂದೆ ಕೂತು ಸೊನ್ನೆ ಬರೆದಳು. ಬರೆದು, ಪೆನ್ನು ಕೆಳಗಿಟ್ಟು, ಎಲ್ಲರ ಜೊತೆ ಚಪ್ಪಾಳೆ ಹೊಡೆದಳು.

ಇದನ್ನೆಲ್ಲ ಇನ್ನೊಂದು ಹಾಳೆಯಲ್ಲಿ ಬರೆದು ಮಧ್ಯಾಹ್ನ ಸಮಿತಿಗೆ ಹೋಗಿ ಕೊಟ್ಟು ಬಂದೆ. ಬಸಲಿಂಗಯ್ಯನವರು ಎರಡು ಸಲ ಓದಿದರು. "ಅಂಕ ಬರಿಯಾಕಿ ಒಪ್ಪಿಕೊಂಡ್ರ ಸಾಲಂಗಿಲ್ಲಬೇ, ಮ್ಯಾನೇಜರಂದು ಬೇಕು" ಎಂದರು. ಇನ್ನು ಮೇಲೆ ಮೇಜಿಗೆ ಬರುವುದು ಬೇಡ ಎಂದೂ ಹೇಳಿದರು, ನನ್ನ ಮುಖ ನೋಡದೆ. ಆ ಹಾಳೆಯಲ್ಲಿ ನಿನ್ನ ಹೆಸರು ಬರೆದಿಲ್ಲ. ಲೆಕ್ಕ ಕೇಳಿದವರು ಯಾರು ಎಂದರು, ನಾನು ಹೇಳಲಿಲ್ಲ. ಅದು ನಿನ್ನ ಕೈಯಿಂದಲೇ ಬರಲಿ.

ನನ್ನ ಪಾಲಿನದು ನೀಲಾಳಿಗೆ ಇನ್ನೂ ಗೊತ್ತಿಲ್ಲ. ಮೊನ್ನೆ ಅವಳು ನಿನ್ನ ಹೆಸರೊಂದನ್ನೇ ಹೇಳಿ ಅತ್ತಳು, ನಾನು ತಲೆ ಸವರುತ್ತ ಸುಮ್ಮನೆ ಕೇಳಿದೆ. ಆರೂವರೆಗೆ ಬರುತ್ತಾಳೆ. ಈಗ ಆರು ಆಗಿದೆ, ಬಾಗಿಲು ತೆರೆದಿಟ್ಟು ಕೂತಿದ್ದೇನೆ.